ಗುಂಡು ಹಾರಿಸಿದವರೇ ಮಹಜರು ಬರೆಯಬಾರದು

ಕೊಡಗಿನವರಿಗೆ ಕೋವಿಯ ಪಾಠ ಯಾರೂ ಹೇಳಬೇಕಾಗಿಲ್ಲ. ಕೈಲ್ ಮುಹೂರ್ತ ಬಂದರೆ ಅದನ್ನು ಒರೆಸಿ, ಎಣ್ಣೆ ಹಾಕಿ, ಹೂ ಇಟ್ಟು ಪೂಜೆ ಮಾಡುವವರು ನಾವು. ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗದ್ದೆಯಲ್ಲಿ ಈಡು ಹಾರುತ್ತದೆ. ಕೊಡವರ ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಈಡು. ಅದನ್ನು ಕೇಳಿಯೇ ಆಚೆ ಗುಡ್ಡದವರು ಇದ್ದ ಕೆಲಸ ಬಿಟ್ಟು ಹೊರಡುತ್ತಿದ್ದರು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು.

ಹಾಗಾಗಿ ನಮ್ಮ ಕಡೆ ಗುಂಡೇಟಿನ ಮಾತು ಬಂದರೆ ಜನ ಬಾಯಿಗೆ ಬಂದದ್ದು ಹೇಳುವುದಿಲ್ಲ. ಕಾಡುಹಂದಿ ಅಂತ ತಿಳಿದು ಮನುಷ್ಯನಿಗೆ ಗುಂಡು ತಗುಲಿದ ಸುದ್ದಿ ಕೊಡಗಿನಲ್ಲಿ ಆಗಾಗ ಬರುತ್ತದೆ. ಅಂಥದ್ದೇ ಒಂದು ಸಾವಿನ ಬಗ್ಗೆ ಸಂಪಾಜೆಯ ನನ್ನ ಮಾವ ಅಂಗಳದಲ್ಲಿ ನಿಂತು ವಿವರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಣಹಾಕಿದ ಅಡಿಕೆಯನ್ನು ಕಾಲಲ್ಲಿ ಸರಿಸಿ ಜಾಗ ಮಾಡಿಕೊಂಡರು. ಇಲ್ಲಿ ಹೊಡೆದವನು, ಅಲ್ಲಿ ತೆಂಗಿನ ಬುಡದಲ್ಲಿ ಸತ್ತವನು ಅಂತ ತೋರಿಸಿದರು. "ಚರೆ ಎಷ್ಟು ಅಗಲಕ್ಕೆ ಹರಡಿದೆ ಅನ್ನೋದರಲ್ಲೇ ದೂರ ಗೊತ್ತಾಗ್ತದೆ. ಹತ್ತಿರದಿಂದ ಹೊಡೆದರೆ ಒಂದೇ ತೂತು. ಇವನು ಹೇಳುವ ಜಾಗದಿಂದ ಹೊಡೆದಿದ್ದರೆ ಮೈ ತುಂಬ ಚರೆ ಇರಬೇಕಿತ್ತು, ಅಲ್ವಾ?" ಅಂದರು. ಆಮೇಲೆ ಬೆಳಕು ಎಷ್ಟಿತ್ತು, ಟಾರ್ಚ್ ಯಾರ ತಲೆಯ ಮೇಲಿತ್ತು, ಏಟು ಎದುರಿಂದ ಬಿದ್ದದ್ದೋ ತಿರುಗಿದಾಗ ಬಿದ್ದದ್ದೋ, ಎಲ್ಲ ಲೆಕ್ಕ ಹಾಕಿದರು. ಪಕ್ಕದ ಮನೆಯವರೂ ಬಂದು ಸೇರಿಕೊಂಡರು. ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಿದರು. ಸತ್ತವನು ಒಳ್ಳೆಯವನೋ ಕೆಟ್ಟವನೋ ಅನ್ನುವ ಮಾತು ಒಮ್ಮೆಯೂ ಬರಲಿಲ್ಲ.

ಅದೇ ಮಾವನಿಗೆ ನಾನು 2024ರ ನವೆಂಬರ್‌ನಲ್ಲಿ ಫೋನ್ ಮಾಡಿದ್ದೆ. ನವೆಂಬರ್ 18ರ ರಾತ್ರಿ ಹೆಬ್ರಿ ತಾಲೂಕಿನ ಕಬ್ಬಿನಾಲೆ ಬಳಿಯ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ನಕ್ಸಲ್ ಮುಖಂಡ ವಿಕ್ರಂ ಗೌಡ ಸತ್ತಿದ್ದ. ಉಡುಪಿ ಜಿಲ್ಲೆಯ ಸುದ್ದಿ ನಿಜ, ಆದರೆ ನಮಗೆ ದೂರದ್ದಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಕಡಮಕಲ್ಲು ಹತ್ತಿರದ ಕೂಜಿಮಲೆಗೆ ನಕ್ಸಲರು ಬಂದು ದಿನಸಿ ಒಯ್ದರು ಎಂದು ನಮ್ಮ ಕಾಡಿನಲ್ಲೂ ಕೂಂಬಿಂಗ್ ನಡೆದಿತ್ತು. ವಿಕ್ರಂ ಗೌಡನೇ ಮೊದಲು ಗುಂಡು ಹಾರಿಸಿದ, ನಾವು ಪ್ರತಿಯಾಗಿ ಹಾರಿಸಿದೆವು ಎಂದರು ಪೊಲೀಸರು. ಹಿಡಿಯಲು ಅವಕಾಶ ಇರಲಿಲ್ಲವೇ, ಅಲ್ಲಿನ ಮನೆಯವರು ಆ ಹೊತ್ತಿಗೆ ಎಲ್ಲಿದ್ದರು, ಉಳಿದವರೆಲ್ಲ ತಪ್ಪಿಸಿಕೊಂಡು ಇವನೊಬ್ಬನೇ ಹೇಗೆ ಸತ್ತ ಎಂದು ಕೇಳಿದವರು ನ್ಯಾಯಾಂಗ ತನಿಖೆಗೆ ಒತ್ತಾಯಿಸಿದರು. ನಾನು ಮಾವನನ್ನು ಕೇಳಿದೆ: ಎಷ್ಟು ದೂರದಿಂದ ಹೊಡೆದರಂತೆ, ಎಲ್ಲಿ ಬಿತ್ತಂತೆ ಏಟು?

"ಅದೆಲ್ಲ ನಮಗ್ಯಾಕೆ ಮಾರಾಯ? ಅವನ ಮೇಲೆ ಎಷ್ಟು ಕೇಸಿತ್ತು ಗೊತ್ತುಂಟಾ?" ಅಂದರು.

ಮಾವ ಕೆಟ್ಟವರಲ್ಲ. ರಾತ್ರಿ ಬಾಗಿಲು ತಟ್ಟಿದರೆ ಅಕ್ಕಿ ಕೊಡಬೇಕಾ, ಕೊಟ್ಟರೆ ಬೆಳಿಗ್ಗೆ ಪೊಲೀಸರಿಗೆ ಏನು ಹೇಳಬೇಕು ಅಂತ ಕಾಡಂಚಿನ ಮನೆಯವರು ಎರಡೂ ಕಡೆಗೆ ಹೆದರಿಕೊಂಡು ಬದುಕಿದ್ದನ್ನು ನಾನು ಬಲ್ಲೆ. ಆ ಹೆದರಿಕೆಯ ಎದುರು ಲಂಡನ್ನಿನಲ್ಲಿ ಕೂತು ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೂ ಒಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ಬೇಟೆಗಾರನ ಗುಂಡಿಗೆ ಕೇಳುವ ಪ್ರಶ್ನೆಯನ್ನು ನಾವು ಪೊಲೀಸರ ಗುಂಡಿಗೂ ಕೇಳಬೇಕು. ಉತ್ತರ ಹುಡುಕುವ ಕೆಲಸ ಗುಂಡು ಹಾರಿಸಿದವರ ಕೈಯಲ್ಲೇ ಇರಬಾರದು.

ಇಲ್ಲಿ ಲಂಡನ್ನಿನಲ್ಲಿ ಜನ ತುಂಬ ಭಿನ್ನ ಅಂತ ಯಾರಾದರೂ ಅಂದುಕೊಂಡಿದ್ದರೆ ಹಾಗೇನಿಲ್ಲ. 'ಸತ್ತವನು ಎಂಥವನು' ಎನ್ನುವುದೇ ಇಲ್ಲಿಯೂ ಮೊದಲ ಪ್ರಶ್ನೆ. ನಾನಿರುವುದು ಉತ್ತರ ಲಂಡನ್ನಿನಲ್ಲಿ, ಟಾಟನಂಗೆ ಬಸ್ಸಿನ ದಾರಿ. 2011ರ ಆಗಸ್ಟ್ 4ರ ಸಂಜೆ ಟಾಟನಂ ಹೇಲ್ ಬಳಿ ಒಂದು ಬಾಡಿಗೆ ಕಾರನ್ನು ಪೊಲೀಸರು ಅಡ್ಡಗಟ್ಟಿದರು. ಅದರಿಂದ ಇಳಿದ ಮಾರ್ಕ್ ಡಗ್ಗನ್ ಎಂಬ 29ರ ಯುವಕನಿಗೆ ಎರಡು ಗುಂಡು ಹೊಡೆದರು. ಎದೆಗೆ ಬಿದ್ದದ್ದು ಜೀವ ತೆಗೆಯಿತು. ಪತ್ರಿಕೆಗಳಲ್ಲಿ ಅವನ ಒಂದು ಫೋಟೊ ಮತ್ತೆ ಮತ್ತೆ ಬಂತು. ಬಿಗಿದ ಮುಖ, ಗುರಾಯಿಸುವ ಕಣ್ಣು. ನೋಡಿದರೆ ರೌಡಿಯೇ ಅನ್ನಿಸಬೇಕು, ಹಾಗಿತ್ತು. ಪೂರ್ತಿ ಫೋಟೊ ಆಮೇಲೆ ಹೊರಗೆ ಬಂತು. ಅವನ ಕೈಯಲ್ಲಿದ್ದದ್ದು ತೀರಿಕೊಂಡ ಮಗಳ ನೆನಪಿನ ಹೃದಯದಾಕಾರದ ಫಲಕ. ಆ ಕೆಳಭಾಗವನ್ನು ಕತ್ತರಿಸಿ ಅಚ್ಚು ಹಾಕಿದ್ದರು. ಮಗು ಕಳಕೊಂಡ ಅಪ್ಪನ ಮುಖವನ್ನು ಒಂದು ದೇಶ ದರೋಡೆಕೋರನ ಮುಖ ಅಂತ ಓದಿತು.

ಅಷ್ಟೇ ಅಲ್ಲ. ಪೊಲೀಸರ ಮೇಲಿನ ದೂರು ವಿಚಾರಿಸಲೆಂದೇ ಇದ್ದ ಸ್ವತಂತ್ರ ಆಯೋಗವೇ ಪತ್ರಕರ್ತರಿಗೆ ಎರಡೂ ಕಡೆಯಿಂದ ಗುಂಡು ಹಾರಿತ್ತು ಎನ್ನುವ ಹಾಗೆ ಹೇಳಿಬಿಟ್ಟಿತು. ಒಬ್ಬ ಪೊಲೀಸನ ರೇಡಿಯೊದಲ್ಲಿ ಗುಂಡು ಸಿಕ್ಕಿಹಾಕಿಕೊಂಡಿತ್ತಲ್ಲ, ಅದು ಡಗ್ಗನ್ ಹಾರಿಸಿದ್ದು ಅಂತ ಎಲ್ಲರೂ ನಂಬಿದರು. ಪರೀಕ್ಷೆ ಮಾಡಿದರೆ ಅದು ಪೊಲೀಸರದೇ ಗುಂಡು. ಡಗ್ಗನ್ ಒಂದು ಗುಂಡೂ ಹಾರಿಸಿರಲಿಲ್ಲ. ಅಷ್ಟು ಹೊತ್ತಿಗೆ ಆಗಸ್ಟ್ 6ರ ರಾತ್ರಿ ಟಾಟನಂ ಹೊತ್ತಿಕೊಂಡು ಉರಿದು, ಗಲಭೆ ಬೇರೆ ಬೇರೆ ಊರಿಗೆ ಹಬ್ಬಿ, ಇನ್ನೂ ಐದು ಜನ ಸತ್ತಿದ್ದರು. ಮೊದಲ ದಿನದ ಒಂದು ತಪ್ಪು ಮಾತು ಎಷ್ಟು ದೂರ ಹೋಗಬಹುದು ನೋಡಿ.

ನಾನು ವ್ಯತ್ಯಾಸ ಕಂಡದ್ದು ಆಮೇಲಿನ ಹಂತದಲ್ಲಿ. ಅನುಮಾನದ ಸಾವಾದರೆ ಇಲ್ಲಿ ಕಾರೊನರ್, ಅಂದರೆ ಸಾವಿನ ಕಾರಣ ಹುಡುಕುವ ಸ್ವತಂತ್ರ ಅಧಿಕಾರಿ, ನಡೆಸುವ ವಿಚಾರಣೆ ಎಂಬುದೊಂದು ಇದೆ. ಪೊಲೀಸರ ಕೈಯಿಂದ ಸಾವಾದರೆ ಸಾಮಾನ್ಯ ಜನರ ಜ್ಯೂರಿ ಕೂರುತ್ತದೆ. ಡಗ್ಗನ್ ವಿಚಾರಣೆ 2013ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2014ರ ಜನವರಿ 8ರವರೆಗೆ ನಡೆಯಿತು. ಪೊಲೀಸರಿಗೆ ಸಂಕೇತದ ಹೆಸರು ಕೊಟ್ಟು ಸಾಕ್ಷಿ ಕಟ್ಟೆಗೆ ಕರೆಸಿದರು. ಸತ್ತವನ ಮನೆಯವರ ವಕೀಲರು ಅವರನ್ನು ಪಾಟಿ ಸವಾಲು ಮಾಡಿದರು. ಸಾಕ್ಷಿಗಳ ಒಂದೊಂದು ಮಾತನ್ನೂ ಬರೆದು ಸಾರ್ವಜನಿಕರಿಗೆ ಓದಲು ಹಾಕಿದರು. ನಾನು ಅದರಲ್ಲಿ ಸಾಕಷ್ಟು ಓದಿದ್ದೇನೆ. ಓದುತ್ತ ಹೋದ ಹಾಗೆ ನಮ್ಮ ಮಾವನ ಅಂಗಳವೇ ಎದುರಿಗೆ ಬಂತು. ಕಾರಿನ ಬಾಗಿಲು ಎಷ್ಟು ತೆರೆದಿತ್ತು? ಜಾಕೆಟ್ಟಿನಲ್ಲಿ ತೂತು ಎಲ್ಲಿದೆ, ಮೈಯಲ್ಲಿ ಎಲ್ಲಿದೆ? ಎರಡೂ ಹೊಂದಬೇಕಾದರೆ ಅವನು ಹೇಗೆ ಬಾಗಿರಬೇಕು?

ಎಲ್ಲಕ್ಕಿಂತ ಕಗ್ಗಂಟು ಪಿಸ್ತೂಲಿನದು. ಕಾಲುಚೀಲದೊಳಗೆ ಸುತ್ತಿದ್ದ ಅದು ಸಿಕ್ಕಿದ್ದು ಅವನ ಹತ್ತಿರ ಅಲ್ಲ. ಕೆಲವು ಮೀಟರ್ ಆಚೆ, ಬೇಲಿಯ ಆ ಕಡೆ ಹುಲ್ಲಿನ ಮೇಲೆ. ಅವನ ಕೈಯಲ್ಲಿ ಪಿಸ್ತೂಲು ನೋಡಿದೆ ಎಂದ ಗುಂಡು ಹಾರಿಸಿದ ಪೊಲೀಸ್. ಎತ್ತರದ ಕಟ್ಟಡದಿಂದ ನೋಡಿದ ಒಬ್ಬ ಸಾಕ್ಷಿ, ಅವನ ಕೈಯಲ್ಲಿದ್ದದ್ದು ಫೋನ್, ಕೈ ಮೇಲಕ್ಕೆತ್ತಿದ್ದ ಎಂದ. ಕೈಯಲ್ಲೇ ಇದ್ದಿದ್ದರೆ ಅದು ಬೇಲಿ ದಾಟಿದ್ದು ಹೇಗೆ? ಎಸೆಯುವುದನ್ನು ಯಾವ ಪೊಲೀಸನೂ ನೋಡಿಲ್ಲ. ಜ್ಯೂರಿಯಲ್ಲಿ ಹೆಚ್ಚಿನವರು, ಗುಂಡು ತಗುಲಿದಾಗ ಅವನ ಕೈಯಲ್ಲಿ ಪಿಸ್ತೂಲು ಇರಲಿಲ್ಲ ಎಂದರು. ಆದರೂ ಹತ್ತರಲ್ಲಿ ಎಂಟು ಮಂದಿ ಅದು ಕಾನೂನಿನ ಮಿತಿಯೊಳಗಿನ ಸಾವು ಎಂದೇ ತೀರ್ಮಾನ ಕೊಟ್ಟರು. ಕೈಯಲ್ಲಿ ಪಿಸ್ತೂಲು ಇದೆ ಎಂದು ಪೊಲೀಸ್ ಪ್ರಾಮಾಣಿಕವಾಗಿ ನಂಬಿದ್ದರೆ ಇಲ್ಲಿನ ಕಾನೂನು ಅವನನ್ನು ಕಾಯುತ್ತದೆ.

ಈ ತೀರ್ಪು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮನೆಯವರಿಗಂತೂ ಇಲ್ಲವೇ ಇಲ್ಲ. ಅವರು ಮೇಲಿನ ಕೋರ್ಟಿಗೂ ಹೋಗಿ ಸೋತರು. ಆದರೆ ಯಾವ ಸಾಕ್ಷಿಯ ಮೇಲೆ ಒಪ್ಪುವುದಿಲ್ಲ ಅಂತ ಹೇಳಲು ನನ್ನ ಕೈಯಲ್ಲಿ ಏನಾದರೂ ಇದೆ. ಪೀತಬೈಲಿನ ಬಗ್ಗೆ ಪೊಲೀಸರನ್ನು ನಂಬುವವನ ಹತ್ತಿರವೂ ಏನೂ ಇಲ್ಲ, ನಂಬದವನ ಹತ್ತಿರವೂ ಏನೂ ಇಲ್ಲ. ಒಬ್ಬನಿಗೆ ಪಕ್ಷ ಇದೆ, ಇನ್ನೊಬ್ಬನಿಗೆ ಇನ್ನೊಂದು ಪಕ್ಷ ಇದೆ. ನನಗೆ ಸಂಕಟ ಆಗುವುದು ಇದಕ್ಕೇ.

ಈ ಪದ್ಧತಿಯನ್ನು ಹಾಡಿ ಹೊಗಳಲು ನಾನು ಬರೆಯುತ್ತಿಲ್ಲ. 2005ರ ಜುಲೈ 22ರಂದು ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಡಿ ಮೆನೆಜೆಸ್ ಎಂಬ ಬ್ರೆಜಿಲ್‌ನ ಎಲೆಕ್ಟ್ರಿಷಿಯನ್‌ನನ್ನು ಆತ್ಮಾಹುತಿ ಬಾಂಬರ್ ಎಂದು ತಿಳಿದು ರೈಲಿನೊಳಗೇ ಹೊಡೆದು ಕೊಂದರು. ದಪ್ಪ ಜಾಕೆಟ್ ಹಾಕಿದ್ದ, ಟಿಕೆಟ್ ಗೇಟ್ ಹಾರಿ ಓಡಿದ ಎಂಬ ಸುದ್ದಿ ಹಬ್ಬಿತು. ಕ್ಯಾಮೆರಾ ನೋಡಿದರೆ ಅವನು ತೆಳು ಡೆನಿಮ್ ಜಾಕೆಟ್ ಹಾಕಿಕೊಂಡು, ಕಾರ್ಡ್ ತೋರಿಸಿ ಗೇಟ್ ದಾಟಿ, ಪುಕ್ಕಟೆ ಪೇಪರ್ ಒಂದನ್ನು ಎತ್ತಿಕೊಂಡು ನಡೆದು ಹೋಗಿದ್ದ. 'ಸಶಸ್ತ್ರ ಪೊಲೀಸ್' ಎಂದು ಕೂಗಿ ಎಚ್ಚರಿಸಿದೆವು ಎಂದರು ಪೊಲೀಸರು. ಅದೇ ಬೋಗಿಯಲ್ಲಿದ್ದ ಪ್ರಯಾಣಿಕರು ಅಂಥ ಮಾತು ಕೇಳಲಿಲ್ಲ ಎಂದರು. ಜ್ಯೂರಿ ಪ್ರಯಾಣಿಕರ ಮಾತನ್ನು ಒಪ್ಪಿತು. ಆದರೆ 'ಕಾನೂನುಬಾಹಿರ ಕೊಲೆ' ಎಂಬ ತೀರ್ಮಾನ ಕೊಡುವ ಅವಕಾಶವನ್ನು ಕಾರೊನರ್ ಅವರಿಗೆ ಕೊಡಲೇ ಇಲ್ಲ. ಯಾವ ಪೊಲೀಸನೂ ಜೈಲಿಗೆ ಹೋಗಲಿಲ್ಲ. ಸಾರ್ವಜನಿಕರ ಸುರಕ್ಷತೆ ನೋಡಿಕೊಳ್ಳಲಿಲ್ಲವೆಂದು ಪೊಲೀಸ್ ಇಲಾಖೆಗೆ 1,75,000 ಪೌಂಡ್ ದಂಡ ಬಿತ್ತು. ಅಷ್ಟೇ. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇತ್ತೀಚಿನದು ಕ್ರಿಸ್ ಕಾಬಾ ಪ್ರಕರಣ. 2022ರ ಸೆಪ್ಟೆಂಬರ್ 5ರ ರಾತ್ರಿ ಸ್ಟ್ರೆಥಂ ಬಳಿ ಕಾರಿನಲ್ಲಿದ್ದವನಿಗೆ ಗಾಜಿನ ಮೂಲಕ ಒಂದೇ ಗುಂಡು. ಪೊಲೀಸನ ಮೇಲೆ ಕೊಲೆ ಆರೋಪ ಹೊರಿಸಿ ಕೋರ್ಟಿಗೆ ನಿಲ್ಲಿಸಿದರು. ಮೈಮೇಲಿನ ಕ್ಯಾಮೆರಾಗಳ ವಿಡಿಯೊವನ್ನು ಜ್ಯೂರಿ ಸೆಕೆಂಡು ಸೆಕೆಂಡಾಗಿ ನೋಡಿತು. 2024ರ ಅಕ್ಟೋಬರ್‌ನಲ್ಲಿ ಪೊಲೀಸ್ ನಿರ್ದೋಷಿ ಎಂದು ತೀರ್ಪಾಯಿತು. ಕೆಲವೇ ದಿನ ಹಿಂದೆ ಒಂದು ನೈಟ್‌ಕ್ಲಬ್ಬಿನಲ್ಲಿ ಗುಂಡು ಹಾರಿಸಿದ ಪ್ರಕರಣದಲ್ಲಿ ಕಾಬಾ ಶಂಕಿತ ಎನ್ನುವುದು ಜನರಿಗೆ ತಿಳಿದದ್ದು ಆಮೇಲೆ. ಜ್ಯೂರಿಗೆ ಅದನ್ನು ಹೇಳಿರಲೇ ಇಲ್ಲ. ಯಾಕೆಂದರೆ ಗುಂಡು ಹಾರಿಸಿದ ಪೊಲೀಸನಿಗೆ ಆ ಹೊತ್ತಿನಲ್ಲಿ ಕಾರಿನೊಳಗೆ ಯಾರಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಅವನು ಎಂಥವನು ಎನ್ನುವುದು ಆ ಕ್ಷಣಕ್ಕೆ ಸಂಬಂಧವಿಲ್ಲದ ಮಾತು. ಅದನ್ನು ಹೊರಗಿಟ್ಟೂ ತೀರ್ಪು ಪೊಲೀಸನ ಪರ ಬಂತು. ನಮ್ಮೂರಿನ ಪೊಲೀಸರು, ಪೊಲೀಸರ ಮನೆಯವರು ಈ ಪ್ರಕರಣವನ್ನು ಓದಬೇಕು. ಬಯಲಲ್ಲಿ ನಡೆದ ವಿಚಾರಣೆಯಲ್ಲಿ ಗೆದ್ದ ಪೊಲೀಸನಿಗೆ ಸಿಗುವ ಮರ್ಯಾದೆ, ಮುಚ್ಚಿದ ಫೈಲಿನಲ್ಲಿ ಗೆದ್ದವನಿಗೆ ಯಾವತ್ತೂ ಸಿಗುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಪೊಲೀಸ್ ಗುಂಡಿಗೆ ಸಾವಾದಾಗ ಏನು ಮಾಡಬೇಕು ಎಂದು 2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹದಿನಾರು ಸೂಚನೆ ಕೊಟ್ಟಿದೆ. ಎಫ್‌ಐಆರ್ ದಾಖಲಾಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಮರಣೋತ್ತರ ಪರೀಕ್ಷೆಯನ್ನು ಇಬ್ಬರು ವೈದ್ಯರು ಮಾಡಿ ವಿಡಿಯೊ ತೆಗೆಯಬೇಕು. ಗುಂಡು ಹಾರಿಸಿದ ಬಂದೂಕನ್ನು ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು. ಶೌರ್ಯ ಅನುಮಾನಕ್ಕೆ ಎಡೆಯಿಲ್ಲದೆ ಸಾಬೀತಾಗುವವರೆಗೆ ಸರದಿ ಮೀರಿದ ಬಡ್ತಿ, ಪದಕ ಯಾವುದೂ ಇಲ್ಲ. ಓದಿದರೆ ಇಂಗ್ಲೆಂಡಿಗಿಂತ ನಮ್ಮದೇ ಬಿಗಿ ಅನ್ನಿಸುತ್ತದೆ.

ಆದರೆ ಇದರ ಫಲ ಊರಿನವರ ಕೈಗೆ ಬರುವುದು ಹೇಗೆ? ಉಪವಿಭಾಗಾಧಿಕಾರಿ ಕಚೇರಿಯಿಂದ ಪೇಪರಿನ ಒಳಪುಟದಲ್ಲಿ ಚಿಕ್ಕದೊಂದು ಪ್ರಕಟಣೆ: ಘಟನೆಯ ಬಗ್ಗೆ ಮಾಹಿತಿ ಇರುವವರು ಇಂಥ ದಿನ ಬಂದು ಹೇಳಿಕೆ ಕೊಡಬಹುದು. ಕಾಡಂಚಿನ ಮನೆಯವರು ಕೂಲಿ ಬಿಟ್ಟು, ಬಸ್ಸು ಹಿಡಿದು, ಪೊಲೀಸರು ಓಡಾಡುವ ಆವರಣದಲ್ಲೇ ನಿಂತು ಪೊಲೀಸರ ವಿರುದ್ಧ ಮಾತಾಡುತ್ತಾರಾ? ವರದಿ ಸರ್ಕಾರಕ್ಕೆ ಹೋಗುತ್ತದೆ. ಊರಿನವರಿಗೆ ಅದು ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಅಲೆಯಬೇಕು.

ಪಂಚರ ವಿಷಯವನ್ನೇ ನೋಡಿ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಅನುಮಾನದ ಸಾವಾದಾಗ ನೆರೆಹೊರೆಯ ಇಬ್ಬರು ಗೌರವಸ್ಥರಾದರೂ ಇದ್ದು ಶವ ಪಂಚನಾಮೆ ಆಗಬೇಕು ಅಂತ ಹಳೆಯ ಕಾನೂನಿನ 174ನೇ ಸೆಕ್ಷನ್ ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಂಹಿತೆಯ 194ನೇ ಸೆಕ್ಷನ್ನೂ ಅದನ್ನೇ ಹೇಳುತ್ತದೆ. ಅಂದರೆ ಊರಿನವರ ಕಣ್ಣು ಅಲ್ಲಿರಬೇಕು ಎನ್ನುವುದು ನಮ್ಮ ಕಾನೂನಿನ ಒಳಗೇ ಇದೆ. ಮಾವ ಒಮ್ಮೆ ಒಂದು ಸಾವಿಗೆ ಪಂಚರಾಗಿದ್ದರು. ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರಂತೆ. ಸಂಜೆ ಠಾಣೆಗೆ ಕರೆದು ಬರೆದಿಟ್ಟ ಕಾಗದ ಮುಂದಿಟ್ಟರಂತೆ. "ಓದಲಾ ಸಾರ್ ಅಂತ ಕೇಳಿದೆ. ಕತ್ತಲಾಯ್ತು, ಸುಮ್ನೆ ಸೈನ್ ಹಾಕಿ ಹೋಗಿ ಅಂದ್ರು. ಹಾಕಿ ಬಂದೆ" ಅಂದರು. ಚರೆಯ ಅಗಲ ನೋಡಿ ದೂರ ಹೇಳಬಲ್ಲ ಮನುಷ್ಯನಿಂದ ಪೊಲೀಸರು ಪಡೆದದ್ದು ಬರೀ ಒಂದು ಸಹಿ. ಇದು ನನಗೆ ಸಹಿಸಲಾಗದ ಸಂಗತಿ.

ಸಾಕ್ಷಿ ಹೊರಗೆ ಬಾರದಿದ್ದರೆ ಏನಾಗುತ್ತದೆ ಅಂತ ಕೊಡಗಿಗೆ ಬೇರೆ ಹೇಳಬೇಕಾ? 2015ರ ನವೆಂಬರ್ 10, ಮಡಿಕೇರಿ. ಟಿಪ್ಪು ಜಯಂತಿಯ ದಿನದ ಗಲಾಟೆಯಲ್ಲಿ ಒಬ್ಬ ಹಿರಿಯರು ಸತ್ತರು. ಅದು ಪೊಲೀಸ್ ಗುಂಡಿನ ಸಾವಲ್ಲ. ಆದರೆ ಕಲ್ಲೇಟಿನಿಂದ ಎಂದರು ಒಂದು ಕಡೆಯವರು, ಎತ್ತರದಿಂದ ಬಿದ್ದು ಎಂದರು ಇನ್ನೊಂದು ಕಡೆಯವರು. ಸಂಜೆಯಾಗುವುದರೊಳಗೆ ಯಾರು ಯಾವ ಮಾತು ನಂಬುತ್ತಾರೆ ಅಂತ ಅವರ ಜಾತಿ, ಧರ್ಮ ನೋಡಿಯೇ ಹೇಳಬಹುದಿತ್ತು. ಇಷ್ಟು ವರ್ಷವಾದರೂ ಸಂತೆಯಲ್ಲಿ ಆ ಮಾತು ಎತ್ತಿದರೆ ಅವೇ ಎರಡು ಕಥೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ಪೊಲೀಸರು ಕಲ್ಲು ತೂರುವವರ ವಿಡಿಯೊ ಬಿಟ್ಟರು. ಕುಮಾರಸ್ವಾಮಿಯವರು ಪೊಲೀಸರ ವರ್ತನೆಯ ವಿಡಿಯೊಗಳ ಸಿ.ಡಿ. ಬಿಡುಗಡೆ ಮಾಡಿದರು. ಹೈಕೋರ್ಟ್ ಆರೋಪಿಗಳಿಗೆ ಜಾಮೀನು ಕೊಡುತ್ತ ಪೊಲೀಸರ ಬಗ್ಗೆ ಕಟುವಾಗಿ ಬರೆಯಿತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಮಂಗಳೂರಿನ ಆಸ್ಪತ್ರೆಗೆ ಹೋಗದ ಮಡಿಕೇರಿಯ ಮನೆಯಿಲ್ಲ, ಹಾಗಾಗಿ ನಮ್ಮಲ್ಲೂ ಅದರ ಮಾತೇ. ಪ್ರತಿಯೊಬ್ಬರ ಫೋನಿನಲ್ಲೂ ವಿಡಿಯೊ ಇತ್ತು. ತನ್ನ ಕಡೆಗೆ ಬೇಕಾದದ್ದು ಮಾತ್ರ ಇತ್ತು.

ಕಾಡಿನಲ್ಲಿ ರಾತ್ರಿ ಬಂದೂಕು ಹಿಡಿದು ನಡೆಯುವ ಪೊಲೀಸನ ಜೀವಕ್ಕೂ ಬೆಲೆ ಇದೆ. ಎದುರಿಗೆ ನಿಂತವನ ಕೈಯಲ್ಲಿ ಏನಿದೆ ಅಂತ ತಿಳಿಯಲು ಅವನಿಗೆ ಸಿಗುವುದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಕಾಬಾ ಪ್ರಕರಣದಲ್ಲಿ ಕೊಲೆ ಆರೋಪ ಹೊರಿಸಿದಾಗ ಲಂಡನ್ನಿನ ಎಷ್ಟೋ ಪೊಲೀಸರು ಬಂದೂಕಿನ ಕೆಲಸ ಬೇಡ ಅಂತ ಹಿಂದೆ ಸರಿದರು. ಅವರ ಭಯ ಸುಳ್ಳಲ್ಲ. ನಾನು ಕೇಳುತ್ತಿರುವುದು ಪೊಲೀಸರಿಗೆ ಶಿಕ್ಷೆಯಾಗಲಿ ಅಂತಲ್ಲ. ಏನಾಯಿತು ಎಂದು ಊರಿಗೆ ತಿಳಿಯಲಿ ಅಂತ.

2025ರ ಜನವರಿ 8ರಂದು ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಗುಂಡಿಲ್ಲದೆಯೂ ಕಾಡಿನಿಂದ ಜನರನ್ನು ಹೊರಗೆ ಕರೆತರಬಹುದು ಎಂದು ಅವತ್ತು ಗೊತ್ತಾಯಿತು. ಈಗ ಕೊಡಗಿನಲ್ಲಿ ಕೂಂಬಿಂಗಿನ ಗದ್ದಲ ಇಲ್ಲ. ಯಾರ ರಕ್ತವೂ ಬಿಸಿಯಾಗಿಲ್ಲದ ಹೊತ್ತಿನಲ್ಲೇ ಇಂಥ ವ್ಯವಸ್ಥೆ ಕೇಳಬೇಕು. ಮಡಿಕೇರಿ, ವಿರಾಜಪೇಟೆಯ ಇಬ್ಬರು ಶಾಸಕರೂ ವಿಧಾನಸಭೆಯಲ್ಲಿ ಎದ್ದು ನಿಂತು ಕೇಳಲಿ. ಪೊಲೀಸ್ ಗುಂಡಿನ ಸಾವಿನ ಮ್ಯಾಜಿಸ್ಟ್ರೇಟ್ ವರದಿಯನ್ನು ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಓದಲು ಇಡಬೇಕು. ಹೇಳಿಕೆ ಪಡೆಯಲು ಅಧಿಕಾರಿ ಊರಿಗೇ ಬರಬೇಕು. ಪಂಚರಿಗೆ ಮಹಜರನ್ನು ಓದಿ ಹೇಳಿ, ಅವರ ಆಕ್ಷೇಪ ಇದ್ದರೆ ಅದನ್ನೂ ಅದರಲ್ಲೇ ಬರೆದು, ಆಮೇಲೆ ಸಹಿ ಪಡೆಯಬೇಕು. ಅದರ ಒಂದು ಪ್ರತಿ ಅವರ ಕೈಗೆ ಕೊಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಸರ್ಕಾರದ ಒಂದು ಸುತ್ತೋಲೆ ಸಾಕು. ಮೊದಲು ಹೊರಗೆ ಬರಬೇಕಾದದ್ದು ಪೀತಬೈಲಿನ ಕಾಗದಪತ್ರ.